ಓಟವನ್ನು ಕಡೆ ಮುಟ್ಟಿಸಿದ ಎರಿಕ್ ಲಿಡ್ಡೆಲ್ಲರು

ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಪತ್ರಿಕೆಯನ್ನು ಬರೆದಾಗ ಪಂದ್ಯದಲ್ಲಿ ಓಡುವವರ ದೃಷ್ಟಾಂತವನ್ನು ಕೊಟ್ಟನೆಂಬದು ವಾಚಕರಿಗೆ ತಿಳಿದದ್ದೇ. ಆ ದೃಷ್ಟಾಂತವನ್ನು ತಮ್ಮ ಕಾಲುಗಳಿಂದಲೂ ತಮ್ಮ ಬಾಳಿನಿಂದಲೂ ವಿವರಿಸಿ ತೋರಿಸಿದ ಒಬ್ಬ ದೇವಸೇವಕರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಎರಿಕ್ ಹೆನ್ರಿ ಲಿಡ್ಡೆಲ್ಲರು ೧೯೦೨ನೆಯ ಇಸವಿ ಜನವರಿ ೧೬ರಂದು ಚೀನಾ ದೇಶದ ತಿಯೆನ್‌ತ್ಸಿನ್ ಪಟ್ಟಣದಲ್ಲಿ ಹುಟ್ಟಿದರು. ಅವರ ತಂದೆತಾಯಿಗಳು ಸ್ಕಾಟ್ಲೆಂಡಿನಿಂದ ಬಂದವರು, ಲಂಡನ್ ಮಿಶನ್ ಸಂಘದ ಮಿಶನರಿಗಳು. ಇದೇ ಸಂಘದ ಜಾನ್ ಹ್ಯಾಂಡ್ಸ್ ಎಂಬವರು ೧೮೧೦ರಲ್ಲಿ ನಮ್ಮ ನೆರೆಯ ಬಳ್ಳಾರಿಗೆ ಬಂದು, ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವದರಲ್ಲಿ ಬಹು ವರ್ಷ ಕಷ್ಟಪಟ್ಟರು. ಆದಕಾರಣ ಲಿಡ್ಡೆಲ್ಲರು ಸಿಂಧನೂರು, ಮಸ್ಕಿ, ಲಿಂಗಸೂಗೂರು ಸೀಮೆಯ ನಮಗೆ ತೀರ ಪರಕೀಯರಲ್ಲ.

ಬಾಲಕನಾದ ಎರಿಕನನ್ನೂ ಅವನ ಅಣ್ಣನನ್ನೂ ತಂದೆತಾಯಿಗಳು ಇಂಗ್ಲೆಂಡಿನಲ್ಲಿ ಮಿಶನರಿಗಳ ಮಕ್ಕಳಿಗಾಗಿದ್ದ ಶಾಲೆಯಲ್ಲಿ ಬಿಟ್ಟು ತಮ್ಮ ಸೇವೆಗೆ ಹಿಂತಿರುಗಿದರು. ಅಲ್ಲಿಂದ ಎರಿಕರು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋಗಿ ವಿಜ್ಞಾನವನ್ನು ಕಲಿತರು. ಅವರ ಓಟವು ನೋಟಕ್ಕೆ ಚೆಂದವಾಗಿರಲಿಲ್ಲ. ತಲೆಯನ್ನು ಹಿಂದಕ್ಕೆ ಎತ್ತಿ, ಬಾಯಿ ತೆರೆದು, ಕೈಗಳನ್ನು ಬೀಸುತ್ತಾ ಓಡುತ್ತಿದ್ದರು. ಆದರೂ ೧೯೨೩ರ ಜುಲೈ ತಿಂಗಳಲ್ಲಿ ಲಂಡನಿನ ಪಂದ್ಯದಲ್ಲಿ ೧೦೦ ಗಜವನ್ನು ೯.೭ ಸೆಕೆಂಡಿನಲ್ಲಿ ಮುಗಿಸಿದರು. ಬಹು ವರ್ಷಗಳ ವರೆಗೆ ಬ್ರಿಟನ್ನಿನವರಲ್ಲಿ ಈ ವೇಗವನ್ನು ಮೀರಿದವರಿರಲಿಲ್ಲ. ಅದೇ ತಿಂಗಳಲ್ಲಿ ಸ್ಟೋಕ್ ಎಂಬ ಊರಿನಲ್ಲಿ ೪೪೦ ಗಜದ ಓಟದ ಪ್ರಾರಂಭದಲ್ಲಿಯೇ ಇನ್ನೊಬ್ಬನು ತಗಲಿದ್ದರಿಂದ ನೆಲಕ್ಕೆ ಬಿದ್ದರು. ಅವರು ಎದ್ದು ನಿಲ್ಲುವಷ್ಟರಲ್ಲಿ ಮಿಕ್ಕವರು ಸುಮಾರು ೨೦ ಗಜ ಮುಂದೆ ಹೋಗಿದ್ದರು. ಆದರೂ ಓಡಿ ಎಲ್ಲರನ್ನೂ ದಾಟಿ ಗೆದ್ದು, ಗುರಿಯ ಬಳಿಯಲ್ಲಿ ಕುಸಿದುಬಿದ್ದರು.

೧೯೨೪ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಒಲಿಂಪಿಕ್ ಎಂಬ ಸಕಲ ರಾಷ್ಟ್ರಗಳ ಕ್ರೀಡಾಕೂಟವು ನಡೆಯಿತು. ಅದಕ್ಕೆ ನಾಲ್ಕು ವರ್ಷಗಳ ಮುಂಚೆ ಬೆಲ್ಜಿಯಮ್ ದೇಶದಲ್ಲಿ ನಡೆದ ಇಂಥ ಕೂಟದಲ್ಲಿಯೇ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರು ಮ್ಯಾರಥಾನ್ ಎಂಬ ದೀರ್ಘವಾದ ಓಟವನ್ನು ಓಡಿ ೧೯ನೆಯವರಾಗಿ ಮುಗಿಸಿದ್ದರು. ಪ್ಯಾರಿಸಿನಲ್ಲಿ ೧೦೦ ಮೀಟರಿನ ಓಟವನ್ನು ಲಿಡ್ಡೆಲ್ಲರೇ ಗೆಲ್ಲುವರೆಂದು ಸ್ಕಾಟ್ಲೆಂಡಿನವರು ನಿರೀಕ್ಷಿಸಿದ್ದರು. ಆದರೆ ಆ ಓಟದ ಮೊದಲನೆಯ ಸುತ್ತು ಜುಲೈ ೬ನೆಯ ತಾರೀಖು ಆದಿತ್ಯವಾರದಂದು ಗೊತ್ತಾಗಿತ್ತು. ಆ ದಿನವನ್ನು ಕರ್ತನ ದಿನವೆಂದು ಪ್ರತ್ಯೇಕಿಸಿದ್ದ ಲಿಡ್ಡೆಲ್ಲರು ಓಡುವದಿಲ್ಲವೆಂದು ತಿಳಿಸಿದರು. ಆದಿತ್ಯವಾರಕ್ಕೆ ಬಿದ್ದ ತಂಡದ ಓಟಗಳನ್ನೂ ಬಿಟ್ಟರು. ೧೯೮೧ರಲ್ಲಿ ಬಂದ ಪ್ರಸಿದ್ಧ ಚಲನಚಿತ್ರವೊಂದರಲ್ಲಿ ಈ ಸಂಗತಿಯು ಅವರಿಗೆ ಹಡಗನ್ನು ಹತ್ತುವಾಗ ತಿಳಿಯಿತೆಂದು ತೋರಿಸಿದ್ದಾರೆ; ಅದು ನಿಜವಲ್ಲ. ಅವರಿಗೆ ತಿಂಗಳುಗಳ ಮುಂಚೆಯೇ ತಿಳಿದಿತ್ತು. ಸ್ವದೇಶಕ್ಕೆ ದ್ರೋಹಮಾಡಿದನೆಂಬ ನಿಂದೆಯನ್ನು ಅಷ್ಟು ಕಾಲವೂ ಸಹಿಸಿಕೊಂಡು, ಯಾರನ್ನೂ ದೂಷಿಸದೆ, ತಮಗೆ ಅಷ್ಟು ರೂಢಿಯಿಲ್ಲದ ೪೦೦ ಮೀಟರಿನ ಓಟವನ್ನು ಅಭ್ಯಾಸಮಾಡಿದರು.

ಆ ಆದಿತ್ಯವಾರ ಅವರು ಪ್ಯಾರಿಸಿನಲ್ಲಿದ್ದ ಸ್ಕಾಟರ ದೇವಾಲಯದಲ್ಲಿ ಪ್ರಸಂಗ ಮಾಡಿದರು. ಮರುದಿನ ೧೦೦ ಮೀಟರಿನ ಓಟವನ್ನು ಅವರ ದೇಶಸ್ಥರಾದ ಹೆರಾಲ್ಡ್ ಏಬ್ರಹಾಮ್ಸರು ಗೆದ್ದರು. ೯ರಂದು ೨೦೦ ಮೀಟರಿನಲ್ಲಿ ಲಿಡ್ಡೆಲ್ಲರಿಗೆ ಮೂರನೆಯ ಸ್ಥಾನ ಸಿಕ್ಕಿತು. ೧೧ರಂದು ೪೦೦ ಮೀಟರಿನ, ಅಂದರೆ ಸುಮಾರು ಎರಡು ಫರ್ಲಾಂಗಿನ, ಕಡೇ ಓಟ. ಅಷ್ಟು ದೂರವನ್ನು ಓಡುವವರು ಮೊದಲು ಸ್ವಲ್ಪ ಶಕ್ತಿಯನ್ನು ಉಳಿಸಿಕೊಳ್ಳುವದುಂಟು. ಲಿಡ್ಡೆಲ್ಲರಾದರೋ ಹೊರಗಿನ ಸಾಲಿನಲ್ಲಿ ನಿಂತು, ಆರಂಭದಿಂದಲೇ ಪೂರ್ಣ ವೇಗದಿಂದ ಓಡಿ, ೪೭.೬ ಸೆಕೆಂಡಿನಲ್ಲಿ ಗುರಿಯನ್ನು ಮುಟ್ಟಿ ಪ್ರಥಮರಾದರು. ಆ ವರೆಗೆ ಒಲಿಂಪಿಕ್ಕಿನಲ್ಲಿ ಯಾರೂ ಅಷ್ಟು ಬೇಗ ಓಡಿರಲಿಲ್ಲ. ಆಗ ಕೊಟ್ಟ ಚಿನ್ನದ ಪದಕವೂ ಬೆಳ್ಳಿಗೆ ಚಿನ್ನದ ನೀರು ಹಾಕಿದ್ದೇ. ಹಟ್ಟಿಯ ಗಣಿಯ ಸಮೀಪದಲ್ಲಿರುವ ನಮ್ಮವರಿಗೆ ಈ ಎರಡರ ವ್ಯತ್ಯಾಸವನ್ನು ಹೇಳಬೇಕಾಗಿಲ್ಲ. ಲಿಡ್ಡೆಲ್ಲರೂ ಅದನ್ನು ಬಲ್ಲವರಾಗಿದ್ದರು.

ಯಾಕಂದರೆ ಮುಂದಿನ ವರ್ಷವೇ, ೨೩ನೆಯ ವಯಸ್ಸಿನಲ್ಲಿ, ಕೀರ್ತಿಯು ಉಚ್ಚಸ್ಥಿತಿಯಲ್ಲಿದ್ದಾಗಲೇ ಅವರು ದೊಡ್ಡ ಪಂದ್ಯಗಳನ್ನು ಬಿಟ್ಟು ಚೀನಾಕ್ಕೆ ಹೊರಟರು. ತಿಯೆನ್‌ತ್ಸಿನ್ನಿನ ಮಿಶನ್ ಕಾಲೇಜಿನಲ್ಲಿ ಹುಡುಗರಿಗೆ ವಿಜ್ಞಾನವನ್ನು ಕಲಿಸಿದರು. ೧೯೩೨ರಲ್ಲಿ ಗುರುದೀಕ್ಷೆಯನ್ನು ಹೊಂದಿದರು. ೧೯೩೪ರಲ್ಲಿ ಫ್ಲಾರೆನ್ಸ್ ಮೆಕೆಂಜಿ ಎಂಬವರನ್ನು ಮದುವೆಯಾದರು. ೧೯೩೭ರಲ್ಲಿ ಪಟ್ಟಣದ ಸುಖವನ್ನು ಬಿಟ್ಟು, ತಮ್ಮ ಅಣ್ಣನು ವೈದ್ಯರಾಗಿದ್ದ ಸಿಯಾವ್‌ಚಾಂಗ್ ಎಂಬ ಹಳ್ಳಿಯ ಸೀಮೆಗೆ ಹೋದರು. ಜಪಾನೀ ದಂಡು ಆ ಸೀಮೆಯನ್ನು ತುಳಿದಿತ್ತು. ಕ್ಷಾಮವೂ ಕಳ್ಳಕಾಕರ ಭಯವೂ ಇದ್ದವು. ಅವರು ಕಾಲ್ನಡೆಯಿಂದಲೂ ಸೈಕಲ್ಲಿನ ಮೇಲೂ ಹಳ್ಳಿಯಿಂದ ಹಳ್ಳಿಗೆ ಹೋಗಿ ಚಿಕ್ಕ ಚಿಕ್ಕ ಸಭೆಗಳನ್ನು ಬಲಪಡಿಸಿದರು. ಒಮ್ಮೆ ಗಾಯಪಟ್ಟು ಬಿದ್ದವನೊಬ್ಬನನ್ನು ಗಾಡಿಯಲ್ಲಿ ತರುತ್ತಿರುವಾಗ, ಸೈನಿಕರು ಕತ್ತಿಯಿಂದ ಕುತ್ತಿಗೆಗೆ ಹೊಡೆದು ಸತ್ತನೆಂದು ಬಿಟ್ಟುಹೋದ ಇನ್ನೊಬ್ಬನ ಸುದ್ದಿ ಸಿಕ್ಕಿತು. ಅಪಾಯವನ್ನು ಎಣಿಸದೆ ಅವನನ್ನೂ ಆಸ್ಪತ್ರೆಗೆ ತಂದರು. ಆ ಎರಡನೆಯವನು ಬದುಕಿಕೊಂಡನು.

೧೯೪೧ರಲ್ಲಿ ಯುದ್ಧದ ಭೀತಿಯಿಂದ ಗರ್ಭಿಣಿಯಾದ ಪತ್ನಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿ ತಾವು ಉಳಿದರು. ಮೂರನೆಯ ಮಗಳ ಮುಖವನ್ನು ಅವರು ನೋಡಲೇ ಇಲ್ಲ. ೧೯೪೩ರಲ್ಲಿ ಜಪಾನಿನವರು ಪರದೇಶಸ್ಥರನ್ನು ಹಿಡಿದು ವೇಯ್‌ಶಿಯೆನ್ ಎಂಬಲ್ಲಿಯ ಹಳೆಯ ಮಿಶನ್ ಆವರಣದಲ್ಲಿ ಸೆರೆಯಿಟ್ಟರು. ಸುಮಾರು ೧೫೦೦ ಮಂದಿ ಇಕ್ಕಟ್ಟಾಗಿ ಅಲ್ಲಿದ್ದರು. ತಂದೆತಾಯಿಗಳಿಂದ ಅಗಲಿದ ಶಾಲೆಯ ಮಕ್ಕಳೂ ಬಹಳವಿದ್ದರು. ಲಿಡ್ಡೆಲ್ಲರು ಮುದುಕರಿಗೆ ನೀರು ಹೊತ್ತರು, ಮಕ್ಕಳಿಗೆ ಪಾಠ ಹೇಳಿದರು, ಆಟ ಆಡಿಸಿದರು. ಮಕ್ಕಳು ಅವರನ್ನು ಮಾಮನೆಂದು ಕರೆಯುತ್ತಿದ್ದರು.

ಇಲ್ಲಿ ನಡೆದ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಆದಿತ್ಯವಾರ ಆಟ ಬೇಡವೆಂದು ಅವರು ಮೊದಲು ಹೇಳಿದ್ದರು. ಬೇಸರಗೊಂಡ ಹುಡುಗರು ಒಂದು ಆದಿತ್ಯವಾರ ತಾವೇ ಹಾಕಿ ಆಟಕ್ಕೆ ಇಳಿದರು. ನಡುವೆ ನಿಂತು ತೀರ್ಪು ಹೇಳುವವರಿಲ್ಲದೆ ಅದು ಜಗಳದಲ್ಲಿ ಮುಗಿಯಿತು. ಮುಂದಿನ ಆದಿತ್ಯವಾರ ಲಿಡ್ಡೆಲ್ಲರೇ ತೀರ್ಪುಗಾರರಾಗಿ ಮೈದಾನದಲ್ಲಿ ನಿಂತರು. ತಮ್ಮ ಕೀರ್ತಿಗಾಗಿ, ಅರಸರ ಮೆಚ್ಚಿಗೆಗಾಗಿ, ಪದಕಕ್ಕಾಗಿ ಬಿಡದೆ ಕಾಪಾಡಿದ ದಿನವನ್ನು ದಿಕ್ಕಿಲ್ಲದ ಮಕ್ಕಳಿಗಾಗಿ ಕೊಟ್ಟರು. ಇದು ನಿಯಮವನ್ನು ಸಡಿಲಿಸಿದ್ದಲ್ಲ. ಆ ದಿನವು ಯಾತಕ್ಕಾಗಿ ಕೊಡಲ್ಪಟ್ಟಿತೆಂಬದನ್ನು ಅರಿತದ್ದು.

ಕೆಲವು ತಿಂಗಳುಗಳಿಂದ ತಲೆನೋವಿನಿಂದ ಕುಗ್ಗಿದ ಅವರು ೧೯೪೫ರ ಫೆಬ್ರವರಿ ೨೧ರಂದು ೪೩ನೆಯ ವಯಸ್ಸಿನಲ್ಲಿ ನಿದ್ರೆಹೊಂದಿದರು. ಮೆದುಳಿನಲ್ಲಿ ಗಡ್ಡೆ ಬೆಳೆದಿತ್ತೆಂದು ಆ ಮೇಲೆ ತಿಳಿಯಿತು. ಆರು ತಿಂಗಳೊಳಗೆ ಆ ಸೆರೆಯ ಬಾಗಲು ತೆರೆಯಿತು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಇರುವ ಹಾಗೆ, ಈಗ ವೇಯ್‌ಫಾಂಗ್ ಎನಿಸಿಕೊಳ್ಳುವ ಆ ಊರಿನಲ್ಲಿಯೂ ೧೯೯೧ರಲ್ಲಿ ಸ್ಕಾಟ್ಲೆಂಡಿನ ಕಲ್ಲನ್ನು ನಿಲ್ಲಿಸಿ ಇವರ ಹೆಸರನ್ನು ಕೆತ್ತಿದ್ದಾರೆ.

ಪ್ರಿಯ ವಾಚಕರೇ, ಕಾಲುವೆಗೆ ನೀರು ಬಂದು ಭತ್ತದ ನಾಟಿಯ ಅವಸರವಾದಾಗ ಆದಿತ್ಯವಾರದ ಕೂಲಿಯು ನಮ್ಮಲ್ಲಿ ಅನೇಕರ ಮನಸ್ಸನ್ನು ಎಳೆಯುತ್ತದೆ. ಆ ಕೂಲಿಯನ್ನು ಬಿಡುವದು ಬಡವನಿಗೆ ಸುಲಭವಲ್ಲ. ಪ್ಯಾರಿಸಿನ ಓಟವನ್ನು ಬಿಡುವದೂ ಸುಲಭವಾಗಿರಲಿಲ್ಲ. ಕೂಲಿಯನ್ನು ಬಿಟ್ಟು ಆರಾಧನೆಗೆ ಬಂದವನು, ಅದೇ ದಿನ ನೆರೆಮನೆಯ ರೋಗಿಗೆ ನೀರು ತಂದುಕೊಡಲು ಹಿಂಜರಿಯದೆ ಇರಲಿ. ಲಿಡ್ಡೆಲ್ಲರು ಈ ಎರಡನ್ನೂ ಮಾಡಿ ತಮ್ಮ ಓಟವನ್ನು ಮುಗಿಸಿದರು.