ಓಝೋನ್‌ ಪದರದ ಆಚೆಗೆ ಕಣ್ಣಿಟ್ಟಿದ್ದ ಮೇಘನಾದ ಸಹಾ: ಸತ್ತ ನಕ್ಷತ್ರಗಳ ಬೆಳಕು ಓದಲು ಅದೇ ದಾರಿ!

ಢಾಕಾ ಬಳಿಯ ಸಿಯೋರಾತಲಿ ಹಳ್ಳಿಯಲ್ಲಿ ಸಣ್ಣ ದಿನಸಿ ಅಂಗಡಿ ನಡೆಸುತ್ತಿದ್ದವರ ಮಗ ಮೇಘನಾದ ಸಹಾ. ಹುಟ್ಟಿದ್ದು 1893ರ ಅಕ್ಟೋಬರ್‌ 6ರಂದು. ಬಂಗಾಳ ವಿಭಜನೆ ವಿರುದ್ಧ 1905ರಲ್ಲಿ ನಡೆದ ಪ್ರತಿಭಟನೆಯಲ್ಲಿ ಪಾಲ್ಗೊಂಡಿದ್ದಕ್ಕೆ ಸರ್ಕಾರಿ ಶಾಲೆಯಿಂದ ಹೊರಹಾಕಿದರು, ವಿದ್ಯಾರ್ಥಿವೇತನವೂ ಹೋಯಿತು. ಮುಂದೆ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸತ್ಯೇಂದ್ರನಾಥ ಬೋಸ್‌ ಅವರ ಸಹಪಾಠಿಯಾದರು. ಹಾಸ್ಟೆಲ್‌ನಲ್ಲಿ ಜಾತಿಯ ಕಾರಣಕ್ಕೆ ಅವಮಾನ ಉಂಡಿದ್ದೂ ಆಗಲೇ.

1920ರಲ್ಲಿ ಅವರು ಕೊಟ್ಟ ಸಮೀಕರಣ ಜಗತ್ತಿಗೆ ಗೊತ್ತು. ತಾಪ, ಒತ್ತಡ ತಿಳಿದಿದ್ದರೆ ಅನಿಲದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನ್‌ ಕಳೆದುಕೊಂಡಿವೆ ಎಂದು ಲೆಕ್ಕ ಹಾಕಬಹುದು. ನಕ್ಷತ್ರದ ಬೆಳಕನ್ನು ಬಿಡಿಸಿದಾಗ ಕಾಣುವ ಗೆರೆಗಳಿಗೆ ಅರ್ಥ ಬಂದಿದ್ದು ಹೀಗೆ.

ಆದರೆ ಸಹಾ ಅವರಿಗೆ ಒಂದು ಕೊರಗಿತ್ತು. ಮುಖ್ಯವಾದ ಎಷ್ಟೋ ಗೆರೆಗಳು ನೇರಳಾತೀತ ಬೆಳಕಿನಲ್ಲಿವೆ, ಅದನ್ನು ನಮ್ಮ ವಾತಾವರಣವೇ ನುಂಗಿಬಿಡುತ್ತದೆ. ಹಾಗಾಗಿ ಓಝೋನ್‌ ಪದರಕ್ಕಿಂತ ಮೇಲೆ, ವಾಯುಮಂಡಲದ ಎತ್ತರದಲ್ಲಿ ಸೌರ ವೀಕ್ಷಣಾಲಯ ಬೇಕೆಂದು 1937ರಲ್ಲೇ ಬರೆದರು. ಅದು ಅವರಿಗೆ ದಕ್ಕಲಿಲ್ಲ. ಜರ್ಮನಿಯಿಂದ ವಶಪಡಿಸಿಕೊಂಡ ವಿ-2 ರಾಕೆಟ್‌ನಲ್ಲಿ ಉಪಕರಣವಿಟ್ಟು ಅಮೆರಿಕನ್ನರು ಸೂರ್ಯನ ಆ ಬೆಳಕನ್ನು ಸೆರೆಹಿಡಿದಿದ್ದು 1946ರ ಅಕ್ಟೋಬರ್‌ನಲ್ಲಿ.

ಸೂರ್ಯನಿಗಷ್ಟೇ ಅಲ್ಲ, ಸ್ಫೋಟಿಸಿ ಸತ್ತ ನಕ್ಷತ್ರಗಳಿಗೂ ಇದೇ ದಾರಿ. ಹಂಸ ನಕ್ಷತ್ರಪುಂಜದ ಸಿಗ್ನಸ್‌ ಲೂಪ್‌ ಅಂಥದ್ದೊಂದು ಸೂಪರ್‌ನೋವಾ ಅವಶೇಷ. ಸ್ಫೋಟದ ಆಘಾತ ತರಂಗ ಇನ್ನೂ ಸುತ್ತಲಿನ ಅನಿಲಕ್ಕೆ ಬಡಿಯುತ್ತಲೇ ಇದೆ. ತರಂಗದ ವೇಗ ಸೆಕೆಂಡಿಗೆ ಸುಮಾರು 160 ಕಿ.ಮೀ. ದಾಟಿದರೆ ಆಮ್ಲಜನಕ ಐದು ಎಲೆಕ್ಟ್ರಾನ್‌ ಕಳೆದುಕೊಂಡು 103 ನ್ಯಾನೋಮೀಟರ್‌ ಆಸುಪಾಸಿನಲ್ಲಿ ಬೆಳಗುತ್ತದೆ. ಆ ಗೆರೆ ಕಂಡರೆ ವೇಗದ ಅಂದಾಜು ಸಿಕ್ಕಂತೆ. 1999ರಲ್ಲಿ ನಾಸಾ ಹಾರಿಸಿದ ಫ್ಯೂಸ್‌ ದೂರದರ್ಶಕ ಇದನ್ನೇ ನೋಡಿತು.

ಇಲ್ಲೊಂದು ಸ್ವಾರಸ್ಯವಿದೆ. ಸಹಾ ಸಮೀಕರಣ ಸಮತೋಲನಕ್ಕೆ ಬಂದ ಅನಿಲಕ್ಕೆ ಮಾತ್ರ ಅನ್ವಯ. ಆಘಾತ ತರಂಗದ ಬೆನ್ನಿಗಿರುವ ಅನಿಲ ತೀರಾ ವಿರಳ, ಅದಕ್ಕೆ ಹೊಂದಿಕೊಳ್ಳುವಷ್ಟು ಸಮಯವೂ ಇರುವುದಿಲ್ಲ. ಅಲ್ಲಿ ಪರಮಾಣುಗಳ ಡಿಕ್ಕಿಯನ್ನು ಹಂತ ಹಂತವಾಗಿ ಬೇರೆಯೇ ಲೆಕ್ಕ ಹಾಕಬೇಕು. ಅಂದರೆ ಈ ವಿಷಯದಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಸಹಾ ಅವರ ಹೆಸರಾಂತ ಸೂತ್ರವಲ್ಲ, ಯಾರೂ ಅಷ್ಟಾಗಿ ನೆನೆಯದ ಆ 1937ರ ಆಲೋಚನೆ.

1952ರಲ್ಲಿ ಲೋಕಸಭೆಗೆ ಗೆದ್ದ ಸಹಾ, 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವಾಗ ಕುಸಿದು ನಿಧನರಾದರು. ಮೊದಲ ಉಪಗ್ರಹ ಹಾರಿದ್ದು ಮರುವರ್ಷ. ಭಾರತದ್ದೇ ನೇರಳಾತೀತ ದೂರದರ್ಶಕ ಆಸ್ಟ್ರೋಸ್ಯಾಟ್‌ ಏರಿ ಹೋಗಲು 2015ರ ಸೆಪ್ಟೆಂಬರ್‌ 28ರವರೆಗೆ ಕಾಯಬೇಕಾಯಿತು. ಅದನ್ನು ಸಿದ್ಧಪಡಿಸುವ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದ್ದು.