ಓಟಿನ ಜೊತೆಗೆ ಒಂದು ರೂಪಾಯಿ: ಶಾಂತವೇರಿ ಗೋಪಾಲಗೌಡರು

ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ವಿಧಾನಸಭೆಯ ಪಾಠ ಬಂದಾಗಲೆಲ್ಲ ಮಕ್ಕಳು ಕೇಳುವ ಪ್ರಶ್ನೆ ಒಂದೇ: ದುಡ್ಡಿಲ್ಲದವರು ಎಂಎಲ್ಎ ಆಗಲು ಆಗುತ್ತದೆಯೇ? ನಮ್ಮ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಮಕ್ಕಳಿಗೆ ಉತ್ತರ ಹೇಳಲು ದೂರ ಹೋಗಬೇಕಾಗಿಲ್ಲ. ಆರಗದ ಪಕ್ಕದ ಒಂದು ಸಣ್ಣ ಹಳ್ಳಿಯಿಂದ ಬಂದು, ಮೂರು ಸಲ ಗೆದ್ದು, ಒಂದು ಸಲ ಸೋತು, ಆಸ್ತಿ ಎನ್ನುವಂಥದ್ದು ಏನನ್ನೂ ಮಾಡಿಕೊಳ್ಳದೆ ತೀರಿಕೊಂಡ ಒಬ್ಬರ ಬದುಕು ಸಾಕು. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ನಮ್ಮ ಕರ್ತವ್ಯ.

ಶಾಂತವೇರಿ ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿಯಲ್ಲಿ. ವಿಜಯನಗರದ ಅರಸರ ಕಾಲದಲ್ಲಿ ಆರಗ ಒಂದು ಪ್ರಾಂತ್ಯದ ಮುಖ್ಯಪಟ್ಟಣವಾಗಿತ್ತು. ಗೋಪಾಲಗೌಡರು ಹುಟ್ಟುವ ವೇಳೆಗೆ ಅದೊಂದು ಸಾಧಾರಣ ಊರು. ಮನೆಯಲ್ಲಿ ಬಡತನ. ಆರಗ ಮತ್ತು ತೀರ್ಥಹಳ್ಳಿಗಳಲ್ಲಿ ಓದಿದರು. ಈಗಿನಂತೆ ಹೋಬಳಿಗೊಂದು ಸರ್ಕಾರಿ ಪ್ರೌಢಶಾಲೆ ಇದ್ದ ಕಾಲ ಅದಲ್ಲ. ಹಳ್ಳಿಯ ಹುಡುಗ ಹೈಸ್ಕೂಲು ಮುಗಿಸುವುದೆಂದರೆ ಊರೇ ಮಾತಾಡಿಕೊಳ್ಳುವ ಸಂಗತಿ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಎದ್ದಾಗ ಗೋಪಾಲಗೌಡರು ವಿದ್ಯಾರ್ಥಿ. ಪುಸ್ತಕ ಬದಿಗಿಟ್ಟು ಚಳವಳಿಗೆ ಇಳಿದರು, ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅವರ ಜೊತೆಯ ಅನೇಕರು ಕಾಂಗ್ರೆಸ್ಸಿನಲ್ಲೇ ಉಳಿದರು. ಗೌಡರು ಸಮಾಜವಾದಿ ಪಕ್ಷದ ಕಡೆ ಹೋದರು. ಅವರು ಮೆಚ್ಚಿದ ನಾಯಕ ಡಾ. ರಾಮಮನೋಹರ ಲೋಹಿಯಾ.

ಅವರನ್ನು ನಾಡಿಗೆ ಪರಿಚಯಿಸಿದ್ದು ಕಾಗೋಡು. ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ಗದ್ದೆ ಒಡೆಯರದ್ದು, ಉಳುಮೆ ಗೇಣಿದಾರರದ್ದು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ಅಳೆಯುವ ಕೊಳಗವೇ ಜಗಳದ ಮೂಲ. ಊರಲ್ಲಿ ರೂಢಿಯಲ್ಲಿದ್ದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಗೇಣಿ ಅಳೆಯುತ್ತಾರೆ ಎಂಬುದು ರೈತರ ದೂರು. ಕೊಟ್ಟ ಗೇಣಿಗೆ ರಸೀದಿ ಇಲ್ಲ. ರಸೀದಿ ಇಲ್ಲದ ಮೇಲೆ ಹತ್ತಾರು ವರ್ಷ ಉತ್ತ ಗದ್ದೆಗೂ ದಾಖಲೆ ಇಲ್ಲ. ಒಡೆಯರು ಬಿಡು ಎಂದರೆ ಬಿಡಬೇಕು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘ ಕಟ್ಟಿ ನಿಲ್ಲಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ರೈತರು ತಂಡತಂಡವಾಗಿ ನೇಗಿಲು ಹೊತ್ತು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದು ಒಯ್ಯುವುದು, ಮರುದಿನ ಇನ್ನೊಂದು ತಂಡ. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಗೋಪಾಲಗೌಡರು ಮುಂದಾಳುಗಳಲ್ಲಿ ಒಬ್ಬರಾದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದರು. ಸಾಗರದಲ್ಲಿ ಅವರನ್ನೂ ಬಂಧಿಸಲಾಯಿತು. ಒಂದು ಕೊಳಗದ ಜಗಳ ದೇಶದ ಸುದ್ದಿಯಾಯಿತು.

ಸತ್ಯಾಗ್ರಹದಿಂದ ಕೂಡಲೇ ಗದ್ದೆ ಸಿಕ್ಕಿತೇ ಎಂದರೆ ಇಲ್ಲ. ಆದರೆ ಕೆಲವೇ ತಿಂಗಳಲ್ಲಿ ಮೊದಲ ಮಹಾಚುನಾವಣೆ ಬಂತು. ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಓಟು. ಗದ್ದೆ ಉಳ್ಳವರಿಗೂ ಒಂದೇ, ಉಳುವವರಿಗೂ ಒಂದೇ. ಆಗಿನ ಕ್ರಮದಲ್ಲಿ ಅಭ್ಯರ್ಥಿಗೊಂದರಂತೆ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಪಕ್ಷದ ಚಿಹ್ನೆ. ಕಾಂಗ್ರೆಸ್ಸಿಗೆ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ. ಅಕ್ಷರ ಬಾರದವರೂ ಮರ ನೋಡಿ ಚೀಟಿ ಹಾಕಬಹುದಿತ್ತು. ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ಹಣವಿಲ್ಲ, ಓಡಾಡಲು ವಾಹನವಿಲ್ಲ. ಎದುರಿಗೆ ಸ್ವಾತಂತ್ರ್ಯ ತಂದ ಪಕ್ಷ. ಆದರೂ ಗೆದ್ದರು. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಆ ಸಲ ಸಮಾಜವಾದಿ ಪಕ್ಷಕ್ಕೆ ಬಂದದ್ದು ಮೂರೇ ಮೂರು. ಅದರಲ್ಲಿ ಒಂದು ನಮ್ಮ ಮಲೆನಾಡಿನದು.

ಗೌಡರು ಚುನಾವಣೆ ಮಾಡುತ್ತಿದ್ದ ರೀತಿಯನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಓಟು ಕೇಳಲು ಬಂದವರು ಓಟಿನ ಜೊತೆಗೆ ಒಂದು ನೋಟನ್ನೂ ಕೇಳುತ್ತಿದ್ದರು. ಒಂದು ರೂಪಾಯಿ ಕೊಟ್ಟವರು ಓಟನ್ನೂ ಕೊಡುತ್ತಾರೆ ಎಂಬ ಲೆಕ್ಕ ಅದರಲ್ಲಿ ಇತ್ತು ನಿಜ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಜನರ ದುಡ್ಡಿನಲ್ಲಿ ಗೆದ್ದವನು ಜನರಿಗೇ ಲೆಕ್ಕ ಕೊಡಬೇಕು. ಬೇರೆ ಯಾರ ಮನೆಯ ಬಾಗಿಲಿಗೂ ಹೋಗಿ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಇಂದು ಹಣ ಹರಿಯುವ ದಿಕ್ಕೇ ತಿರುಗಿದೆ. ಅದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ, ಓದುಗರು ಬಲ್ಲರು.

ಸದನದಲ್ಲಿ ಅವರು ಕನ್ನಡದ ದನಿ. ಗೇಣಿದಾರರ ಹಕ್ಕು, ಭೂಮಿತಿ, ಆಡಳಿತದಲ್ಲಿ ಕನ್ನಡ ಇವು ಅವರು ಬಿಡದೆ ಹಿಡಿದ ವಿಷಯಗಳು. ಕನ್ನಡ ಮಾತಾಡುವ ಪ್ರದೇಶಗಳೆಲ್ಲ ಒಂದಾಗಬೇಕೆಂಬುದಕ್ಕೆ ಹಳೆಯ ಮೈಸೂರಿನ ಕೆಲವರು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಗೌಡರು ಏಕೀಕರಣದ ಪರ ನಿಂತರು. ಒಂದಾದ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೇ ಇರಬೇಕೆಂದೂ ಒತ್ತಾಯಿಸಿದರು.

1957ರ ಚುನಾವಣೆಯಲ್ಲಿ ಅವರು ಸೋತರು. ಅಷ್ಟರಲ್ಲಿ ಸಮಾಜವಾದಿಗಳು ಒಡೆದಿದ್ದರು. ಗೌಡರು ಲೋಹಿಯಾ ಅವರ ಜೊತೆ ಉಳಿದಿದ್ದರು. ಇದನ್ನು ಬರೆಯದೆ ಬಿಟ್ಟರೆ ಅವರ ಬದುಕನ್ನು ಅರ್ಧ ಹೇಳಿದಂತಾಗುತ್ತದೆ. ಜನ ಯಾರನ್ನೂ ಶಾಶ್ವತವಾಗಿ ಗೆಲ್ಲಿಸುವುದಿಲ್ಲ. ಆ ಐದು ವರ್ಷ ಅವರು ಸದನದ ಹೊರಗಿದ್ದರು. 1961ರ ಭೂಸುಧಾರಣಾ ಕಾಯಿದೆ ಚರ್ಚೆಗೆ ಬಂದದ್ದೂ ಆ ಅವಧಿಯಲ್ಲೇ. ಯಾವ ಮಾತಿಗಾಗಿ ಕಾಗೋಡಿನವರು ಜೈಲಿಗೆ ಹೋಗಿದ್ದರೋ ಆ ಮಾತು ಸದನಕ್ಕೆ ಬಂದಾಗ ಗೌಡರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಆ ಕಾಯಿದೆಯಲ್ಲಿ ಒಡೆಯರು ಸ್ವಂತ ಬೇಸಾಯದ ಹೆಸರಿನಲ್ಲಿ ಜಮೀನು ಹಿಂದಕ್ಕೆ ಪಡೆಯಲು ದಾರಿ ಉಳಿದಿತ್ತು. ಜಾರಿಗೆ ಬಂದದ್ದು 1965ರಲ್ಲಿ.

1962ರಲ್ಲಿ ಗೌಡರು ಮತ್ತೆ ಗೆದ್ದರು. 1967ರಲ್ಲಿ ತೀರ್ಥಹಳ್ಳಿಯಿಂದ ಮೂರನೆಯ ಬಾರಿಗೆ ಸದನಕ್ಕೆ ಹೋದರು. ಆ ಚುನಾವಣೆಯಲ್ಲೇ ಎಸ್. ಬಂಗಾರಪ್ಪನವರು ಸೊರಬದಿಂದ, ಜೆ.ಎಚ್. ಪಟೇಲರು ಶಿವಮೊಗ್ಗದಿಂದ ಲೋಕಸಭೆಗೆ, ಸಮಾಜವಾದಿಗಳಾಗಿಯೇ ಗೆದ್ದರು. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದರು. ಮುಂದೆ ಈ ಇಬ್ಬರೂ ಮುಖ್ಯಮಂತ್ರಿಗಳಾದರು. ಗೌಡರು ಒಮ್ಮೆಯೂ ಮಂತ್ರಿಯಾಗಲಿಲ್ಲ. ಆದರೆ ಜಿಲ್ಲೆಯ ಒಂದು ತಲೆಮಾರಿನ ರಾಜಕಾರಣಿಗಳೂ ಸಾಹಿತಿಗಳೂ ಅವರ ಹತ್ತಿರ ಕೂತು ಬೆಳೆದವರು. ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ಕೃಷ್ಣಪ್ಪಗೌಡನ ಪಾತ್ರಕ್ಕೆ ಪ್ರೇರಣೆ ಗೋಪಾಲಗೌಡರೇ ಎಂಬುದು ಎಲ್ಲರಿಗೂ ತಿಳಿದದ್ದು. ಕಾದಂಬರಿ ಕಾದಂಬರಿಯೇ, ಜೀವನಚರಿತ್ರೆಯಲ್ಲ. ಆದರೂ ಓದಿಲ್ಲದ ಹಳೆಯ ವಿದ್ಯಾರ್ಥಿಗಳು ಓದಬೇಕು.

ಕೊನೆಯ ವರ್ಷಗಳಲ್ಲಿ ಕಾಯಿಲೆ ಅವರನ್ನು ಹಿಂಡಿತು. 1972ರಲ್ಲಿ ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪನವರು, ಸಾಗರದಿಂದ ಕಾಗೋಡು ತಿಮ್ಮಪ್ಪನವರು ಸಮಾಜವಾದಿಗಳಾಗಿ ಗೆದ್ದರು. ಕಾಗೋಡಿನ ಹೆಸರು ಹೊತ್ತವರೇ ವಿಧಾನಸಭೆಗೆ ಹೋದದ್ದನ್ನು ನೋಡಿ, ಅದೇ ವರ್ಷದ ಜೂನ್ 9ರಂದು ಬೆಂಗಳೂರಿನಲ್ಲಿ ಗೌಡರು ಕಣ್ಣು ಮುಚ್ಚಿದರು. ವಯಸ್ಸು ನಲವತ್ತೊಂಬತ್ತು.

ಅವರು ಕೇಳಿದ್ದ ಎರಡು ದೊಡ್ಡ ಬೇಡಿಕೆಗಳು ಅವರ ಕಾಲಾನಂತರ ಕೈಗೂಡಿದವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಶನ್ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ತಮ್ಮ ಮಾತನ್ನು ತಾವೇ ಹೇಳಿದರು. ವಕೀಲರಿಗೆ ಅಲ್ಲಿ ಅವಕಾಶವಿರಲಿಲ್ಲ. ಉಳುವವರ ಹೆಸರು ಪಹಣಿಗೆ ಬಂತು.

ನಮ್ಮ ಶಾಲೆ ಬಾಗಿಲು ತೆರೆದದ್ದು ಈ ಬದಲಾವಣೆಯ ಬೆನ್ನಲ್ಲೇ. ಇಲ್ಲಿ ಮೊದಲ ಸಾಲುಗಳಲ್ಲಿ ಕೂತ ಎಷ್ಟೋ ಮಕ್ಕಳು ಗೇಣಿ ಮನೆಗಳವರು. ಅಪ್ಪನ ಹೆಸರು ಪಹಣಿಯಲ್ಲಿ ಬಂದ ಮೇಲೆ ಮಗನ ಹೆಸರು, ಸ್ವಲ್ಪ ತಡವಾಗಿ ಮಗಳ ಹೆಸರು, ನಮ್ಮ ಹಾಜರಿ ಪುಸ್ತಕಕ್ಕೆ ಬಂತು. ಧಣಿಗಳ ಗದ್ದೆಗೆ ಕೆಲಸಕ್ಕೆ ಕಳಿಸಬೇಕಾದ ಹೆದರಿಕೆ ಇಲ್ಲದ ಮನೆಯವರು ಮಕ್ಕಳನ್ನು ಶಾಲೆಗೆ ಕಳಿಸಿದರು. ಅವರಲ್ಲಿ ಹಲವರು ಇಂದು ಈ ಸಂಚಿಕೆಯ ಓದುಗರು.

1952ರಲ್ಲಿ ಓಟು ಹಾಕಲು ಇಪ್ಪತ್ತೊಂದು ವರ್ಷ ಆಗಬೇಕಿತ್ತು. 1989ರಿಂದ ಹದಿನೆಂಟು ಸಾಕು. ಈಗ ಹತ್ತನೆಯ ತರಗತಿಯಲ್ಲಿರುವ ಮಕ್ಕಳು ಎರಡು ಮೂರು ವರ್ಷಗಳಲ್ಲಿ ಮತದಾರರು. ಕ್ಷೇತ್ರದ ಗಡಿ ಬದಲಾಗಿದೆ. ಹೊಸನಗರ ತಾಲ್ಲೂಕು 2008ರಿಂದ ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಗಿದೆ. ಪಕ್ಷಗಳು ಬದಲಾಗಿವೆ, ಆಲದ ಮರದ ಪೆಟ್ಟಿಗೆಯ ಜಾಗಕ್ಕೆ ಯಂತ್ರ ಬಂದಿದೆ. ಬದಲಾಗದೆ ಉಳಿದದ್ದು ಒಬ್ಬರಿಗೆ ಒಂದೇ ಓಟು ಎಂಬ ನಿಯಮ. ಆ ಒಂದು ಓಟಿಗೆ ಗದ್ದೆಯ ಪಹಣಿಯನ್ನೇ ಬದಲಿಸುವ ಶಕ್ತಿ ಇದೆ ಎಂದು ಇದೇ ಮಲೆನಾಡಿನ ಅಜ್ಜ ಅಜ್ಜಿಯರು ತೋರಿಸಿಕೊಟ್ಟಿದ್ದಾರೆ. ಯಾರು ಯಾರಿಗೆ ಓಟು ಹಾಕಬೇಕೆಂದು ಶಾಲೆ ಹೇಳಬಾರದು. ಆದರೆ ಅದನ್ನು ಮಾರಬೇಡಿ ಎಂದು ಹೇಳುವ ಹಕ್ಕು, ಗೋಪಾಲಗೌಡರ ಸೀಮೆಯ ಶಾಲೆಗೆ ಇದ್ದೇ ಇದೆ.