ಕೆ. ವೆಂಕಟಪ್ಪ: ಕಲೆಗೆ ಬೆಲೆ ಕೇಳಿದ ಚಿತ್ರಕಾರ

ನಮ್ಮ ಕಾಲೇಜಿನಲ್ಲಿ ಎಷ್ಟೋ ಜನರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದೊಡ್ಡ ಕಣ್ಣಿನ, ಚೂಪು ಗದ್ದದ ಜಪಾನಿ ಕಾರ್ಟೂನ್ ಮುಖಗಳಿರುತ್ತವೆ. ಈ ಮುಖಗಳ ಹಿಂದೆ ಸುಮಾರು 100 ವರ್ಷಗಳ ಕಥೆಯಿದೆ. ಆಗ ತಕೆಹಿಸಾ ಯುಮೆಜಿ, ತಕಾಬಾತಾಕೆ ಕಾಶೋ ಎಂಬ ಚಿತ್ರಕಾರರು ಜಪಾನಿನ ಪತ್ರಿಕೆಗಳಿಗೆ ನಾಜೂಕಾದ ಹುಡುಗ, ಹುಡುಗಿಯರ ಚಿತ್ರಗಳನ್ನು ಬರೆಯುತ್ತಿದ್ದರು. ಮುಂದೆ ಬಂದ ಮಾಂಗಾ ಕಥೆಗಳಿಗೂ, ಅಭಿಮಾನಿಗಳು ತಾವೇ ಬರೆಯುವ ಚಿತ್ರಗಳಿಗೂ ಇವರಿಂದ ದಾರಿ ಸಿಕ್ಕಿತು. ಅದೇ ಕಾಲದಲ್ಲಿ ಜಪಾನಿನ ಕುಂಚದ ವಿದ್ಯೆ ನಮ್ಮ ರಾಜ್ಯದ ಒಬ್ಬ ಚಿತ್ರಕಾರರ ಕೈಗೂ ಬಂದಿತ್ತು. ಅವರೇ ಕೆ. ವೆಂಕಟಪ್ಪ.

ವೆಂಕಟಪ್ಪನವರು ಮೈಸೂರಿನಲ್ಲಿ ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ಅವರ ಪ್ರತಿಭೆ ನೋಡಿದ ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಕಲ್ಕತ್ತಾದ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಅಲ್ಲಿ ಅವರ ಗುರು ಅವನೀಂದ್ರನಾಥ ಟ್ಯಾಗೋರ್. 1903ರಲ್ಲಿ ಜಪಾನಿನಿಂದ ಕಲ್ಕತ್ತಾಕ್ಕೆ ಬಂದಿದ್ದ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಎಂಬ ಕಲಾವಿದರ ಕೆಲಸ ನೋಡಿ ಟ್ಯಾಗೋರರು ವಾಶ್ ಪದ್ಧತಿ ರೂಢಿಸಿಕೊಂಡಿದ್ದರು. ಬಣ್ಣ ಹಚ್ಚುವುದು, ಕಾಗದವನ್ನು ನೀರಿನಲ್ಲಿ ತೋಯಿಸುವುದು, ಮತ್ತೆ ಬಣ್ಣ ಹಚ್ಚುವುದು. ಹೀಗೆ ಮಾಡುತ್ತಾ ಹೋದರೆ ಬಣ್ಣ ಮಂಜಿನಂತೆ ಕಾಣುತ್ತದೆ. ಉಸ್ತಾದರಿಂದ ಈ ವಿದ್ಯೆ ಶಾಗಿರ್ದರಿಗೆ ಬಂತು.

ಸಿಸ್ಟರ್ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣ ಕಥೆಗಳ ಇಂಗ್ಲಿಷ್ ಪುಸ್ತಕ 1913ರಲ್ಲಿ ಬಂದಾಗ ಅದರಲ್ಲಿ 32 ಬಣ್ಣದ ಚಿತ್ರಗಳಿದ್ದವು. ರಾಮಾಯಣದ ಹಲವು ಚಿತ್ರಗಳು ವೆಂಕಟಪ್ಪನವರವು. ನಮ್ಮ ಮಸ್ಕಿಯ ಅಶೋಕ ಶಾಸನ ಬೆಳಕಿಗೆ ಬಂದ 1915ರಲ್ಲಿ ಅವರು ಇನ್ನೂ ಕಲ್ಕತ್ತಾದಲ್ಲೇ ಇದ್ದರು.

1916ರಲ್ಲಿ ಮೈಸೂರಿಗೆ ಮರಳಿದರು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಮದುವೆಯಾಗಲಿಲ್ಲ. ಊಟಿಯ ಬೆಟ್ಟ, ಕೆರೆ, ಮಂಜನ್ನು ಜಲವರ್ಣದಲ್ಲಿ ಬರೆದರು. ಅರಮನೆಗಾಗಿ ಪ್ಲಾಸ್ಟರಿನ ಉಬ್ಬುಚಿತ್ರಗಳನ್ನು ವರ್ಷಗಟ್ಟಲೆ ಕೂತು ಮಾಡಿದರು. ಅವರಿಗೆ ದಿನಚರಿ ಬರೆಯುವ ಅಭ್ಯಾಸವೂ ಇತ್ತು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಮೇಲೆ ಅರಮನೆಯ ಕೆಲಸ ನಿಂತಿತು. ಮಾಡಿದ ಕೆಲಸದ ಹಣಕ್ಕಾಗಿ ವೆಂಕಟಪ್ಪನವರು ಅರಮನೆಯ ವಿರುದ್ಧವೇ ಕೋರ್ಟಿಗೆ ಹೋದರು. ತನ್ನನ್ನು ಓದಿಸಿದ ಅರಮನೆಯ ಮೇಲೆ ದಾವೆ ಹೂಡುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಉಪಕಾರ ಮರೆತರು ಎಂದು ಯಾರಾದರೂ ಹೇಳಬಹುದು. ಆದರೆ ಉಪಕಾರ ಒಂದು ಖಾತೆ, ದುಡಿಮೆ ಇನ್ನೊಂದು ಖಾತೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ.

ನಂತರ ಬೆಂಗಳೂರಿಗೆ ಬಂದು ನೆಲೆಸಿದ ಅವರು 1965ರಲ್ಲಿ ತೀರಿಕೊಂಡರು. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಅವರದೇ ಹೆಸರು.

ವಾಣಿಜ್ಯ ವಿಭಾಗದಲ್ಲಿ ನಾವು ಕಚ್ಚಾ ಮಾಲು, ಕೂಲಿ, ಲಾಭ ಸೇರಿಸಿ ಬೆಲೆ ಕಟ್ಟುವುದನ್ನು ಕಲಿಯುತ್ತೇವೆ. ಕಲಿಯಲು ಹೋದ ವರ್ಷಗಳನ್ನು ಯಾವ ಕಾಲಂನಲ್ಲಿ ಬರೆಯಬೇಕು? ಸಿಂಧನೂರಿನಲ್ಲಿ ಬೋರ್ಡ್ ಬರೆಯುವವರಿಗೆ, ಲಿಂಗಸುಗೂರಿನಲ್ಲಿ ಮದುವೆ ಮನೆಗೆ ಹೋಗಿ ಮೆಹಂದಿ ಹಾಕುವ ಅಕ್ಕಂದಿರಿಗೆ, ಇಷ್ಟಕ್ಕೆ ಇಷ್ಟು ರೊಕ್ಕ ಯಾಕೆ ಎಂದು ಚೌಕಾಸಿ ಮಾಡುವ ಮೊದಲು ವೆಂಕಟಪ್ಪನವರನ್ನು ಒಮ್ಮೆ ನೆನೆಯೋಣ.